ರಾಕ್ಷಸಿಗೆ ಜಡೆ

ಸಾತ್ವಿಕನ ರಾಕ್ಷಸಿಗೆ ಕೂದಲೊಂದು ಬಿಟ್ಟು ಉಳಿದೆಲ್ಲ ಸರಿಯಾಗಿತ್ತು. ಕೋರೆಹಲ್ಲು, ಗುಳಿಬಿದ್ದ ಕಣ್ಣು, ಮೂಗಿನ ಮೇಲಿನ ನರುಲಿ ಕೂಡ ಒಂದೇ ಸಲಕ್ಕೆ ಪಾಸಾಗಿದ್ದವು. ಕೂದಲು ಮಾತ್ರ ಎರಡು ಸಲ ವಾಪಸು ಬಂದಿತ್ತು. ಮೊದಲ ಸಲ ನೋಡಿದ ಮೇಲಧಿಕಾರಿ ಮಲಿಕ್, "ಇದು ಕೂದಲಲ್ಲ ಭಾಯಿ, ಹೆಲ್ಮೆಟ್ಟು" ಎಂದಿದ್ದ. ಸಾತ್ವಿಕ ಹಟಕ್ಕೆ ಬಿದ್ದು ಒಂದೊಂದೇ ಎಳೆ ಬಿಡಿಸಿ ಕೂರಿಸಿಕೊಂಡು ಬಂದರೆ, "ಈಗ ಶಾವಿಗೆ ಆಯ್ತು" ಎಂದ.

ನೋಯ್ಡಾದ ಒಂದು ಆನಿಮೇಶನ್ ಕಂಪನಿಯಲ್ಲಿ, ಕಂಪ್ಯೂಟರಿನೊಳಗೇ ಜೇಡಿಮಣ್ಣು ತೀಡಿದಂತೆ ತೀಡಿ ಗೊಂಬೆ ಮಾಡುವುದು ಸಾತ್ವಿಕನ ಕೆಲಸ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವನ ಜೊತೆಗೇ ಸೇರಿದ್ದ ಭಾಟಿಯಾನದೂ ಆಗಿರಲಿಲ್ಲ. ಇಬ್ಬರಲ್ಲಿ ಒಬ್ಬನನ್ನು ಮಾತ್ರ ಉಳಿಸಿಕೊಳ್ಳುತ್ತೇವೆ ಎಂದು ಕಂಪನಿ ಹೇಳಿಬಿಟ್ಟಿತ್ತು. ಭಾಟಿಯಾನ ಪಾಲಿಗೆ ರಾಣಿಯ ತಲೆ, ಸಾತ್ವಿಕನ ಪಾಲಿಗೆ ರಾಕ್ಷಸಿಯ ತಲೆ. ಶುಕ್ರವಾರ ಸಂಜೆ ಐದರೊಳಗೆ ಯಾರ ಕೂದಲನ್ನು ಗಿರಾಕಿ ಒಪ್ಪುತ್ತಾನೋ ಅವನಿಗೆ ನೌಕರಿ.

ಆ ಶುಕ್ರವಾರವೇ ವರಮಹಾಲಕ್ಷ್ಮಿ ಬರಬೇಕೆ? "ಹಬ್ಬದ ದಿನ ಮನೆ ಮಗ ಆಫೀಸಿಗೆ ಹೋಗ್ಕೂಡ್ದು, ಅಷ್ಟೇ" ಎಂದು ತಾಯಿ ದೇವಕಮ್ಮ ಅಪ್ಪಣೆ ಹೊರಡಿಸಿದರು. ಸಾತ್ವಿಕ ಮಲಿಕ್‌ನ ಕಾಲು ಹಿಡಿದು, ಮನೆಯಿಂದಲೇ ಕೆಲಸ ಮಾಡಿ ಚಿತ್ರವನ್ನು ಮೇಲ್ ಮಾಡುತ್ತೇನೆಂದು ಒಪ್ಪಿಸಿ ಬಂದ.

ಜನಕಪುರಿಯ ಆ ಪುಟ್ಟ ಫ್ಲ್ಯಾಟಿನಲ್ಲಿ ಕಂಪ್ಯೂಟರ್ ಇದ್ದುದು ಹಾಲ್‌ನಲ್ಲಿ. ದೇವಕಮ್ಮ ಕಲಶ ಇಟ್ಟದ್ದೂ ಹಾಲ್‌ನಲ್ಲೇ. ಒಂದು ಗೋಡೆಗೆ ರೇಷ್ಮೆ ಸೀರೆ ಉಟ್ಟು, ಹೂವಿನ ಜಡೆ ಇಳಿಬಿಟ್ಟ ಮಹಾಲಕ್ಷ್ಮಿ. ಎದುರು ಗೋಡೆಗೆ ತಲೆ ಕೆದರಿಕೊಂಡ ರಾಕ್ಷಸಿ. ಇಬ್ಬರೂ ಮುಖಾಮುಖಿ ಕೂತಿದ್ದರು.

ಮೊದಲು ಕಂಡದ್ದು ಮೇಲಿನ ಮನೆಯ ಶಾಂತಮ್ಮನಿಗೆ. ಕಾಲೊನಿಯ ಕನ್ನಡದವರ ಮನೆಗಳಲ್ಲಿ ಒಗ್ಗರಣೆಯಿಂದ ಹಿಡಿದು ಮದುವೆಯವರೆಗೆ ಶಾಂತಮ್ಮ ಹೇಳಿದ್ದೇ ಆಗಬೇಕು.

"ಅಯ್ಯೋ ದೇವಕಮ್ಮ, ಏನ್ರೀ ಇದು! ಲಕ್ಷ್ಮಿ ಎದುರಿಗೇ ಕೂದಲು ಬಿಟ್ಕೊಂಡಿರೋ ಹೆಂಗಸು!"

"ಆಂಟಿ, ಅವಳು ರಾಕ್ಷಸಿ" ಎಂದ ಸಾತ್ವಿಕ.

"ರಾಕ್ಷಸಿಯಾದ್ರೆ ಹೆಣ್ಣಲ್ವೇನೋ? ಹೆತ್ತವರಿಲ್ಲದೋಳ ಥರ ಬಿಟ್ಟಿದ್ದೀಯಲ್ಲ. ಒಂದು ಜಡೆ ಹಾಕು."

ದೇವಕಮ್ಮನಿಗೂ ಅಷ್ಟೇ ಸಾಕಾಯಿತು. "ಮೊದಲು ಅವಳಿಗೆ ಜಡೆ ಹಾಕು. ಆಮೇಲೆ ನಿನಗೆ ಎಲೆ ಹಾಕ್ತೀನಿ."

ಅಡಿಗೆಮನೆಯಿಂದ ಒಬ್ಬಟ್ಟಿನ ವಾಸನೆ ಬರುತ್ತಿತ್ತು. ಸಾತ್ವಿಕ ಎರಡೂ ಕೈಗಳನ್ನು ತಲೆಗೂದಲೊಳಗೆ ತೂರಿಸಿ ಯೋಚಿಸಿದ. ರಾಕ್ಷಸಿಯ ಇನ್ನೊಂದು ಪ್ರತಿ ಮಾಡಿ ಅದಕ್ಕೆ ಜಡೆ ಹಾಕಿ ತೋರಿಸಿದರೆ ಇವರ ಬಾಯಿ ಮುಚ್ಚುತ್ತದೆ, ಅಸಲಿ ರಾಕ್ಷಸಿ ಕ್ಷೇಮವಾಗಿರುತ್ತಾಳೆ. ಹಾಗೇ ಮಾಡಿದ.

"ಅಲ್ಲಲ್ಲ, ಒಂದೊಂದೇ ಕೂದಲು ಹಿಡ್ಕೊಂಡು ಯಾರಾದ್ರೂ ಜಡೆ ಹಾಕ್ತಾರಾ?" ಶಾಂತಮ್ಮ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. "ಮೊದಲು ಬೈತಲೆ ತೆಗಿ. ದೊಡ್ಡ ದೊಡ್ಡ ಪಾಲು ಮಾಡ್ಕೋ. ಕಿವಿ ಹತ್ರ ಸ್ವಲ್ಪ ಉಬ್ಬಿರ್ಲಿ. ಬರ್ತಾ ಬರ್ತಾ ಸಣ್ಣ ಆಗ್ಲಿ."

ಮೊದಲು ದೊಡ್ಡ ಗುಂಪು, ಅದನ್ನು ಸೀಳಿ ಚಿಕ್ಕ ಗುಂಪು, ಕೊನೆಗೆ ಅಲ್ಲೊಂದು ಇಲ್ಲೊಂದು ಬಿಡಿ ಎಳೆ: ಕೆಲಸ ಕಲಿಸುವಾಗ ಸಾತ್ವಿಕನಿಗೆ ಹೇಳಿಕೊಟ್ಟದ್ದೂ ಇದನ್ನೇ. ಮಹಾಶಯನಿಗೆ ಅವಸರ, ಕೊನೆಯದರಿಂದಲೇ ಶುರುಮಾಡಿಕೊಂಡಿದ್ದ. ಈಗ ಬೈಸಿಕೊಂಡು ಕ್ರಮವಾಗಿ ಮಾಡಿದ್ದಕ್ಕೆ ಜಡೆ ಚೆನ್ನಾಗಿಯೇ ಬಂತು. ಕತ್ತಿನ ಹತ್ತಿರ ನಾಲ್ಕು ಎಳೆ ಬಿಡಿ ಬಿಟ್ಟ. ಶಾಂತಮ್ಮ, "ಎಣ್ಣೆ ಹಚ್ಚಿಲ್ವಾ?" ಎಂದು ಗದರಿದರು.

ಅಷ್ಟರಲ್ಲಿ ನಿವೃತ್ತ ಸುಬೇದಾರ್ ಅಚ್ಚಪ್ಪನವರ ಹೆಂಡತಿ ಕಾವೇರಮ್ಮ ಬಂದರು. ರಾಕ್ಷಸಿಯನ್ನು ಪರೇಡಿನಲ್ಲಿ ನಿಂತ ಜವಾನನನ್ನು ನೋಡುವಂತೆ ಮೇಲಿಂದ ಕೆಳಗೆ ನೋಡಿದರು.

"ಜಡೆ ಸರಿ ಇದೆ. ಹಲ್ಲು ಯಾಕೆ ಹೊರಗೆ? ಒಳಗೆ ತಳ್ಳು."

ಹಲ್ಲು ಒಳಗೆ ಹೋಯಿತು. ನರುಲಿ ತೆಗೆದು ಆ ಜಾಗದಲ್ಲಿ ಮೂಗುಬಟ್ಟು ಇಡಿಸಿದರು. ಕಣ್ಣಿನ ಗುಳಿ ತುಂಬಿಸಿದರು. ಕೊನೆಗೆ ಶಾಂತಮ್ಮ ಕುಂಕುಮದ ಬಟ್ಟಲಿಗೆ ಬೆರಳದ್ದಿ, "ಇಷ್ಟಾದ್ಮೇಲೆ ಹಣೆ ಬೋಳಾಗಿ ಬಿಡೋದಾ?" ಎಂದು ಮಾನಿಟರಿಗೇ ಬೊಟ್ಟಿಟ್ಟರು. ಮೂವರಿಗೂ ತೃಪ್ತಿಯಾಯಿತು. ಸಾತ್ವಿಕನಿಗೆ ಒಬ್ಬಟ್ಟು ಸಿಕ್ಕಿತು.

ಊಟವಾದ ಮೇಲೆ ಹೆಂಗಸರೆಲ್ಲ ಮಲಗಿದಾಗ ಅವನು ಅಸಲಿ ರಾಕ್ಷಸಿಯನ್ನು ಹೊರಗೆ ತೆಗೆದ. ಶಾವಿಗೆಯನ್ನೆಲ್ಲ ಅಳಿಸಿ, ದೊಡ್ಡ ಗುಂಪಿನಿಂದ ಶುರುಮಾಡಿದ. ಗಾಳಿಗೆ ಎದ್ದ ಜಟೆ, ಸಿಕ್ಕುಗಟ್ಟಿದ ತುದಿ, ಹಣೆಗೆ ಅಂಟಿದ ಎಳೆ. ಮುಗಿಸಿ ನೋಡಿದಾಗ ಅವನಿಗೇ ಭಯವಾಯಿತು, ಸಂತೋಷಕ್ಕೆ ಕಣ್ಣಲ್ಲಿ ನೀರೂ ಬಂತು. ನೌಕರಿ ತನ್ನದೇ ಎಂದುಕೊಂಡ. ಜಡೆಯ ರಾಕ್ಷಸಿಯ ಚಿತ್ರದ ಕೆಳಗೆ ಇವಳ ಚಿತ್ರವನ್ನೂ ಇಟ್ಟು, ಕಳಿಸಲು ಮೇಲ್ ತೆರೆಯುವ ಹೊತ್ತಿಗೆ ಅರಿಶಿನ ಕುಂಕುಮಕ್ಕೆ ಕಾಲೊನಿಯೇ ಬಂತು.

"ಮತ್ತೆ ಬಿಚ್ಚಿಹಾಕಿದ್ಯಾ ಅವಳ ಕೂದಲನ್ನ!" ಎಂದು ಚೀರಿದ ದೇವಕಮ್ಮ ಕೈಗೆ ಸಿಕ್ಕ ರವಿಕೆ ಕಣವನ್ನು ಮಾನಿಟರಿನ ಮೇಲೆ ಹೊದಿಸಿದರು. "ಮಂಗಳಾರತಿ ಆಗೋವರೆಗೆ ತೆಗೆದ್ರೆ ನೋಡು!"

"ಅಮ್ಮಾ, ಐದಕ್ಕೆ ಕಳಿಸ್ಬೇಕು!"

ಅಷ್ಟು ಹೇಳುವಾಗಲೇ ಕರೆಂಟ್ ಹೋಯಿತು. ಯುಪಿಎಸ್ ಕೀಂ ಕೀಂ ಎಂದು ಅರಚತೊಡಗಿತು. ಹೆಂಗಸರು ಆರತಿ ಹಾಡು ಎತ್ತಿಕೊಂಡರು. ಸಾತ್ವಿಕ ತಲೆ ಪರಚಿಕೊಂಡು, ರವಿಕೆ ಕಣದೊಳಗೆ ತಲೆ ತೂರಿಸಿದ. ಎದುರಿಗೆ ಕುಂಕುಮದ ದೊಡ್ಡ ಬೊಟ್ಟು, ಅದರ ಹಿಂದೆಲ್ಲೋ ಚಿತ್ರಗಳ ಹೆಸರು. ಅಂದಾಜಿನಲ್ಲಿ ಒಂದನ್ನು ಒತ್ತಿ ಕಳಿಸಿದ. ಮೇಲ್ ಹೋಯಿತು, ಯುಪಿಎಸ್ಸೂ ಸುಮ್ಮನಾಯಿತು.

ಮಂಗಳಾರತಿ ಮುಗಿದು ಕರೆಂಟ್ ಬರುವುದಕ್ಕೂ ಮಲಿಕ್‌ನ ಫೋನ್ ಬರುವುದಕ್ಕೂ ಸರಿಹೋಯಿತು.

"ಕಮಾಲ್ ಕರ್ ದಿಯಾ! ಗಿರಾಕಿ ನೋಡಿದ ತಕ್ಷಣ ಪಾಸ್ ಮಾಡಿದ. ಅದೇನು ಜಡೆ, ಯಾರ್!"

"ಜಡೆಯಾ?" ಎಂದ ಸಾತ್ವಿಕ.

"ಎರಡು ವಾರದಿಂದ ಭಾಟಿಯಾಗೆ ರಾಣಿಯ ಜಡೆ ಬರ್ತಾನೇ ಇರಲಿಲ್ಲ. ಅವನಿಗೋಸ್ಕರ ನೀನು ಕೂತು ಮಾಡಿದ್ಯಲ್ಲ, ದೊಡ್ಡ ಮನಸ್ಸು ನಿಂದು. ರಾಣಿ ಪಾಸಾದಳು, ಭಾಟಿಯಾ ಕಾಯಂ ಆದ. ಅಚ್ಛಾ, ನಿನ್ನ ರಾಕ್ಷಸಿ ಎಲ್ಲಿ?"

"ರೆಡಿ ಇದ್ದಾಳೆ ಸರ್! ಈಗಲೇ ಕಳಿಸ್ತೀನಿ!"

"ಇವತ್ತು ರಾತ್ರಿಯೊಳಗೆ ಬಂದರೆ ಕಂಪನಿಗೆ ಹೇಳಿ ನಿನಗೂ ಇನ್ನೊಂದು ಅವಕಾಶ ಕೊಡಿಸ್ತೀನಿ. ಆದರೆ ಗಿರಾಕಿ ಈಗ ಹೊಸ ಷರತ್ತು ಹಾಕಿದ್ದಾನೆ. ಯಾವ ತಲೆ ನೋಡಿ ಮಾಡಿದ್ದು ಅಂತ ನಿಜವಾದ ಮನುಷ್ಯರ ಕೂದಲಿನ ಫೋಟೋ ಜೊತೆಗಿರಬೇಕು."

ಸಾತ್ವಿಕ ಹಾಲ್‌ನ ಸುತ್ತ ಒಮ್ಮೆ ನೋಡಿದ. ಎಲ್ಲಿ ನೋಡಿದರೂ ಎಣ್ಣೆ ಹಚ್ಚಿ, ನುಣ್ಣಗೆ ಬಾಚಿ, ಹೂ ಮುಡಿದ ತಲೆಗಳು.

"ಆಂಟಿ, ಒಂದೇ ಒಂದು ಫೋಟೋ. ಸ್ವಲ್ಪ ಕೂದಲು ಬಿಚ್ಚಿ, ಕೆದರಿಕೊಂಡು..."

"ಏನಂದೆ?" ಎಂದರು ಶಾಂತಮ್ಮ. ಕಾವೇರಮ್ಮ ಎದ್ದು ನಿಂತರು. ಸಾತ್ವಿಕ ಬಚ್ಚಲುಮನೆಗೆ ಓಡಿ ಬಾಗಿಲು ಹಾಕಿಕೊಂಡ.

ಅಲ್ಲಿ ಕನ್ನಡಿಯಲ್ಲಿ ರಾಕ್ಷಸಿ ನಿಂತಿದ್ದಳು. ಬೆಳಗಿನಿಂದ ಪರಚಿ ಪರಚಿ, ಆಗಸ್ಟಿನ ಬೆವರಿಗೆ ನೆನೆದು ಎದ್ದು ನಿಂತ ಜಟೆ, ಸಿಕ್ಕುಗಟ್ಟಿದ ತುದಿ, ಹಣೆಗೆ ಅಂಟಿದ ಎಳೆ, ಎಲ್ಲವೂ ಹಾಗೆಯೇ ಇದ್ದವು. ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಕ್ಯಾಮೆರಾ ತರಲು ಬಾಗಿಲು ತೆರೆದ.

ಬಾಗಿಲಲ್ಲಿ ದೇವಕಮ್ಮ ನಿಂತಿದ್ದರು. ಒಂದು ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ, ಇನ್ನೊಂದರಲ್ಲಿ ಬಾಚಣಿಗೆ.

"ಬಂದೋರೆಲ್ಲ ನಿನ್ನ ತಲೆ ನೋಡಿ ನಗ್ತಿದ್ದಾರೆ ಕಣೋ" ಎಂದು ಅರ್ಧ ಬಾಟಲಿ ನೆತ್ತಿಗೆ ಸುರಿದು, ಅವನು "ಬೇಡಮ್ಮಾ!" ಎನ್ನುವುದರೊಳಗೆ ತಟತಟ ತಟ್ಟಿ, ನುಣ್ಣಗೆ ಬಾಚಿ, ಗದ್ದ ಹಿಡಿದು ಕನ್ನಡಿಯ ಕಡೆ ತಿರುಗಿಸಿದರು.

"ಈಗ ನೋಡು, ಮನುಷ್ಯನ ಥರ ಕಾಣ್ತೀಯ."