ಬಾತಿನ ಹಿಕ್ಕೆ ನೋಡುತ್ತಿದ್ದವನು

ಬೆಳಗ್ಗೆ ಎದ್ದ ಕೂಡಲೇ ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ದೇವರ ಪಟ ನೋಡುತ್ತಾರೆ. ನಾನು ಕೆಲವು ಕಾಲ ಬಾತುಗಳ ಹಿಕ್ಕೆ ನೋಡುತ್ತಿದ್ದೆ. ಹೇಳಿಕೊಳ್ಳುವಂಥ ವಿಷಯವಲ್ಲ, ಆದರೆ ಮುಚ್ಚಿಡುವ ಶಕ್ತಿಯೂ ಈಗ ಉಳಿದಿಲ್ಲ. ಆಗ ನಾನು ಚಾಂಪಿಯನ್ ರೀಫ್ಸಿನಲ್ಲಿ ಚಿನ್ನದ ಗಣಿ ಆಫೀಸಿನ ಗುಮಾಸ್ತ. ಬೂದಿಕೋಟೆಯಿಂದ ಬಂದ ಮಾವ ಎರಡು ಬಾತುಮರಿಗಳನ್ನು ಬುಟ್ಟಿಯಲ್ಲಿ ತಂದು ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿ ಬಿಟ್ಟು, ಮುಂದೆ ಮೊಟ್ಟೆ ತಿಂದುಕೊಂಡು ಸುಖವಾಗಿರಿ ಎಂದು ಹರಸಿ ಹೋದರು. ಸುಖ ಹಿತ್ತಲ ತುಂಬ ಬಿತ್ತು. ಗುಡಿಸುವ ಕೆಲಸ ನನ್ನ ಪಾಲಿಗೆ ಬಂತು.

ತೌಡು ಕಲಸಿ ಹಾಕಿ ಎಂದು ಮಾವ ಹೇಳಿಯೇ ಹೋಗಿದ್ದರು. ಅಲ್ಲಿ ನನ್ನ ಗತ್ತು ಅಡ್ಡ ಬಂತು. ರಾಗಿಮುದ್ದೆ ನುಂಗಿ ಬೆಳೆದ ನಾನು, ಮೊದಲ ಸಂಬಳ ಬಂದ ದಿನದಿಂದ ಬಿಳಿ ಅನ್ನವೇ ಆಗಬೇಕು ಎನ್ನುತ್ತಿದ್ದವನು. ನಮ್ಮ ಮನೆಯ ಮುದ್ದೆ ತಿರುವುವ ಕೋಲು ಅಟ್ಟ ಸೇರಿತ್ತು. ಹೀಗಿರುವಾಗ ಗುಮಾಸ್ತನ ಮನೆಯ ಬಾತು ತೌಡು ತಿನ್ನುವುದೇ? ಪಾಲಿಷ್ ಅಕ್ಕಿಯ ಅನ್ನ, ಬೇಕರಿಯ ಬನ್ನು ಹಾಕಿದೆ. ಹೆಂಡತಿ ರತ್ನಮ್ಮ ಏನೋ ಹೇಳಲು ಬಂದಳು. ನಿನಗೇನು ಗೊತ್ತು ಎಂದೆ. ಕೆಲವೇ ವಾರಗಳಲ್ಲಿ ಹಿಕ್ಕೆ ನೀರು ನೀರಾಗಿ ಗಂಜಿಯ ಬಣ್ಣಕ್ಕೆ ತಿರುಗಿತು. ಹೆಣ್ಣು ಬಾತು ಸೊಟ್ಟಗೆ ಕಾಲಿಡುತ್ತ ಇಡುತ್ತ, ಒಂದು ದಿನ ಕೂತಲ್ಲಿಂದ ಏಳಲೇ ಇಲ್ಲ. ಮಾವ ಕೊಟ್ಟದ್ದನ್ನು ಕೈಯಾರೆ ಕೊಲ್ಲುತ್ತಿದ್ದೇನಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು.

ರಜೆ ಹಾಕಿ, ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂಗಾರಪೇಟೆಯ ರೈಲು ಹತ್ತಿದೆ. ಡಾಕ್ಟರು ನೋಡಲಿ ಎಂದು ಹಿಕ್ಕೆಯನ್ನು ಎಲೆಯಲ್ಲಿ ಸುತ್ತಿ, ಬೆಂಕಿಪೊಟ್ಟಣದೊಳಗಿಟ್ಟು ಅಂಗಿಯ ಜೇಬಿಗೆ ಹಾಕಿದ್ದೆ. ಎದುರಿಗಿದ್ದ ಗಣಿ ಕೆಲಸದವನೊಬ್ಬ ಬೀಡಿ ಬಾಯಿಗಿಟ್ಟು, ನನ್ನ ಜೇಬಿನ ಕಡೆ ಕೈ ತೋರಿಸಿ, "ತೀಪ್ಪೆಟ್ಟಿ ಕುಡುಂಗ ಸಾರ್" ಎಂದು ತಮಿಳಿನಲ್ಲಿ ಬೆಂಕಿಪೊಟ್ಟಣ ಕೇಳಿದ. ಇಲ್ಲ ಎಂದೆ. ಕಣ್ಣೆದುರು ಕಾಣುವುದನ್ನೇ ಇಲ್ಲವೆನ್ನುವ ಈ ಜಿಪುಣನನ್ನು ಅವನು ಬಂಗಾರಪೇಟೆಯವರೆಗೂ ನೋಡುತ್ತ ಕೂತ.

ಪಶುವೈದ್ಯರು ಪೊಟ್ಟಣ ತೆರೆದು ನೋಡಿ ಮೇವಿನ ವಿಚಾರ ಕೇಳಿದರು. ಹೆಮ್ಮೆಯಿಂದಲೇ ಹೇಳಿದೆ. "ಸತ್ವನೆಲ್ಲ ಮಿಲ್ಲಲ್ಲೇ ಬಿಟ್ಟು ಬಂದಿದ್ದೀರಲ್ರೀ" ಎಂದು, ಒಂದು ಪುಡಿ ಕೊಟ್ಟು, ತೌಡು, ಸೊಪ್ಪು, ಎರೆಹುಳು ಹಾಕಿ ಎಂದರು. ಅಂದಿನಿಂದ ನನ್ನ ತಪಸ್ಸು ಶುರು. ಬೆಳಗ್ಗೆ ತೌಡು ಕಲಸು, ಸಂಜೆ ಸೊಪ್ಪು ಹೆಚ್ಚು, ಮಾರನೆಯ ದಿನ ಕುಕ್ಕರಗಾಲಲ್ಲಿ ಕೂತು ಫಲಿತಾಂಶ ನೋಡು. ಹಸಿರಾಗಿದ್ದರೆ ಸೊಪ್ಪು ಹೆಚ್ಚಾಯಿತು ಎಂದು ಕೊರಗುತ್ತಿದ್ದೆ. ಕಂದು ಬಣ್ಣದಲ್ಲಿ ಗಟ್ಟಿಯಾಗಿದ್ದರೆ ಅಂದು ಹಬ್ಬ. ಅಂತೂ ಒಂದು ಬೆಳಗ್ಗೆ ಹೆಣ್ಣು ಬಾತು ಎದ್ದು ನಾಲ್ಕು ಹೆಜ್ಜೆ ನಡೆದು, ಆಫೀಸಿಗೆ ಹೊರಟಿದ್ದ ನನ್ನ ಪ್ಯಾಂಟಿನ ಮೇಲೇ ಗಟ್ಟಿ ಹಿಕ್ಕೆ ಹಾಕಿತು. ನನ್ನ ಕಣ್ಣು ತುಂಬಿ ಬಂತು.

ಆ ವಾರವೇ ರತ್ನಮ್ಮ ನಲ್ಲಿಯಿಂದ ಕೊಡ ಹೊತ್ತು ಬರುತ್ತಿದ್ದವಳು ತಲೆ ಸುತ್ತಿ ಬಿದ್ದಳು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲವಲ್ಲ ಎಂದರು. ದಿನಾ ಏನು ತಿನ್ನುತ್ತಾರೆ ಎಂದು ನನ್ನನ್ನು ಕೇಳಿದರು. ನನಗೆ ಬಡಿಸಿದ ಮೇಲೆ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಏನು, ಎಷ್ಟು ಎಂದು ನಾನು ಒಂದು ದಿನವೂ ಇಣುಕಿರಲಿಲ್ಲ. ನಾನು ತಡವರಿಸುವುದನ್ನು ಕಂಡು ರತ್ನಮ್ಮನೇ ಮಲಗಿದ್ದಲ್ಲಿಂದ ಹೇಳಿದಳು:

"ಬಾತುಗಳ್ದು ಕೇಳಿ ಸಾರ್, ಅವ್ರಿಗೆ ಗೊತ್ತೈತೆ."

ಡಾಕ್ಟರು ನಗಲಿಲ್ಲ. ಪೆನ್ನು ಹಿಡಿದು ನನ್ನ ಉತ್ತರಕ್ಕೆ ಕಾಯುತ್ತಲೇ ಇದ್ದರು.