ತಲೆಯಾಡಿಸಿ ಕೆಟ್ಟೆ

ನನಗೆ ಕಿವಿ ಕೇಳಿಸುವುದಿಲ್ಲವೆಂಬುದು ಮುಳಬಾಗಿಲಿಗೆಲ್ಲ ಗೊತ್ತಾಗಿ ಹಳೆಯದಾದ ಮೇಲೆ ನನಗೆ ಗೊತ್ತಾಯಿತು. ಅಲ್ಲಿಯವರೆಗೆ ಬಹಳ ಸುಖವಾಗಿದ್ದೆ. ನನ್ನ ತರಗತಿಯ ಹುಡುಗರು ಗಲಾಟೆ ಬಿಟ್ಟಿದ್ದಾರೆ, ಹೆಂಡತಿ ವಯಸ್ಸಾಗುತ್ತ ಮೆತ್ತಗಾಗಿದ್ದಾಳೆ ಎಂದುಕೊಂಡಿದ್ದೆ. ಕೋಲಾರದ ಡಾಕ್ಟರು 'ಎರಡೂ ಕಿವಿಯ ನರ ಸೊರಗಿದೆ, ಹೋದದ್ದು ಬರುವುದಿಲ್ಲ' ಎಂದು ಚೀಟಿಯಲ್ಲಿ ಬರೆದು ತೋರಿಸಿದಾಗ ಆ ಸುಖವೆಲ್ಲ ಮಣ್ಣುಪಾಲಾಯಿತು.

ಜೇಬಿನಲ್ಲಿ ಇಟ್ಟುಕೊಳ್ಳುವ ಮೆಷೀನೊಂದು ಬಂತು. ಅದರಿಂದ ಕಿವಿಗೊಂದು ವೈರು. ಬಸ್ಸಿನಲ್ಲಿ ಪಕ್ಕದವರು ಅದನ್ನು ಟ್ರಾನ್ಸಿಸ್ಟರ್ ಎಂದುಕೊಂಡು, "ಸಾರ್, ಸ್ಕೋರ್ ಎಷ್ಟಾಯ್ತು?" ಎನ್ನುತ್ತಿದ್ದರು. ನಾನು ಕಿವುಡನೆಂದರೆ ನಂಬದೆ, ಸ್ಕೋರು ಹೇಳುವುದಕ್ಕೂ ಜಿಪುಣತನವೇ ಎಂದು ಮುಖ ತಿರುಗಿಸುತ್ತಿದ್ದರು. ಕಾಗೆ, ಹಾರನ್ನು, ನನ್ನದೇ ಅಂಗಿಯ ಸರಬರ ಎಲ್ಲವನ್ನೂ ಆ ಮೆಷೀನು ತಲೆಯೊಳಗೆ ತುಂಬುತ್ತಿತ್ತು. ಮನುಷ್ಯರ ಮಾತನ್ನು ಮಾತ್ರ ಹೊರಗೇ ಬಿಡುತ್ತಿತ್ತು. ಕಡೆಗೆ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತೆ. ಕಲಿಸಿದವಳು ಮಗಳು ಗಿರಿಜೆ. ಉಳಿದವರೆಲ್ಲ ಬೆನ್ನ ಹಿಂದೆ ನಿಂತು ಕಿರುಚುತ್ತಾರೆ. ಅವಳು ತೋಳು ಮುಟ್ಟಿ, ಬೆಳಕಿಗೆ ಮುಖ ಕೊಟ್ಟು, ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತಾಳೆ. ಮಿಕ್ಕವರು ಏನೆಂದರೂ ನಾನು ತಲೆಯಾಡಿಸುತ್ತೇನೆ. ತಲೆಯಾಡಿಸುವವನನ್ನು ಜನ ತಿಳಿದವನೆಂದು ಗೌರವಿಸುತ್ತಾರೆ.

ಗಿರಿಜೆಯನ್ನು ನೋಡಲು ಶ್ರೀನಿವಾಸಪುರದಿಂದ ಗಂಡಿನ ಕಡೆಯವರು ಬರುವ ದಿನ ಹೆಂಡತಿ ಆ ಮೆಷೀನನ್ನು ರಾಗಿಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಳು. "ವಂಶದಲ್ಲೇ ಕಿವುಡು ಅಂದ್ಕೊಂಡ್ರೆ ಸಂಬಂಧ ತಪ್ಪೋಗುತ್ತೆ ಕಣ್ರೀ. ನಾನು ಸೆರಗು ಸರಿ ಮಾಡ್ಕೊಂಡ್ರೆ ಹೂಂ ಅನ್ನಿ, ಬಳೆ ಮುಟ್ಕೊಂಡ್ರೆ ಊಹೂಂ ಅನ್ನಿ" ಎಂದು ಪಾಠ ಹೇಳಿಕೊಟ್ಟಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಸೆರಗು, ಬಳೆ ಆಡಿಸಿದ ಹಾಗೆ ನಾನು ಘನವಾಗಿ ನಡೆದುಕೊಂಡೆ. ಕಾಫಿ ಮುಗಿಯಿತು. ಅಷ್ಟರಲ್ಲಿ ಗಂಡಿನ ಸೋದರಮಾವ ನನ್ನ ತೋಳು ಹಿಡಿದು ಜಗಲಿಗೆ ಕರೆದುಕೊಂಡು ಹೋಗಿಬಿಟ್ಟರು. ಬಾಯಿತುಂಬ ಎಲೆಅಡಿಕೆ, ಅದರ ಮೇಲೆ ಪೊದೆ ಮೀಸೆ, ಸಾಲದ್ದಕ್ಕೆ ತೆಲುಗು! ನಮ್ಮ ಸೀಮೆಯ ಎಲ್ಲರಂತೆ ನನಗೂ ತೆಲುಗು ಚೆನ್ನಾಗಿಯೇ ಬರುತ್ತದೆ. ಆದರೆ ಅದು ಕಿವಿಯಿಂದ ಬಂದ ತೆಲುಗು. ನಾನು ಓದಲು ಕಲಿತಿದ್ದುದು ಕನ್ನಡ ಆಡುವ ತುಟಿಗಳನ್ನು ಮಾತ್ರ. ಅಲ್ಲಿಗೆ ಹೆಂಡತಿಯ ಸೆರಗೂ ಕಾಣದು. ತಲೆಯಾಡಿಸಿದೆ. ಅವರು ನಂಬಲಾರದವರಂತೆ ಮತ್ತೆ ಏನೋ ಕೇಳಿದರು. ಇನ್ನೂ ಜೋರಾಗಿ ಆಡಿಸಿದೆ. ಅವರ ಕಣ್ಣಲ್ಲಿ ನೀರು ಬಂತು, ನನ್ನನ್ನು ತಬ್ಬಿಕೊಂಡರು. ಒಳಗೆ ಹೋದವರೇ ತಾಂಬೂಲ ಬದಲಾಯಿಸಿಬಿಟ್ಟರು.

ಅವರು ಹೋದ ಮೇಲೆ ಹೆಂಡತಿ, "ಹೊರಗೆ ಏನಂದ್ರು?" ಎಂದಳು. ಗೊತ್ತಿಲ್ಲ ಎಂದೆ. ಹಣೆ ಚಚ್ಚಿಕೊಂಡಳು. ಜಗಲಿಯ ಕಡೆಯ ಕಿಟಕಿಯ ಹಿಂದಿದ್ದು ಎಲ್ಲ ಕೇಳಿಸಿಕೊಂಡಿದ್ದ ಗಿರಿಜೆ ಬಂದು ನನ್ನ ತೋಳು ಮುಟ್ಟಿದಳು.

"ಹುಡುಗನಿಗೆ ಚಿಕ್ಕಂದಿನಲ್ಲಿ ಕಿವಿ ಸೋರಿ ಎಡಗಿವಿ ಕೇಳಿಸಲ್ವಂತಪ್ಪ. ಮುಚ್ಚಿಟ್ಟು ಮದುವೆ ಮಾಡಬಾರ್ದು ಅಂತ ಅವರ ಮಾವ ನಿನಗೆ ಹೇಳಿದ್ರು. ನೀನು ಒಪ್ಕೊಂಡೆ."

ಅವರು ಮುಚ್ಚಿಡಲಾರದೆ ಹೇಳಿದ್ದರು. ನಾವು ಮೆಷೀನನ್ನು ಹಿಟ್ಟಿನಲ್ಲಿ ಹೂತಿಟ್ಟಿದ್ದೆವು. ಆದರೂ, "ಬೇಡ ಅಂತ ಹೇಳಿ ಕಳಿಸ್ತೀನಿ ಕಣಮ್ಮ. ಇಷ್ಟು ವರ್ಷ ನನ್ನ ಹತ್ರ ಒದ್ದಾಡಿದ್ದು ಸಾಲ್ದಾ?" ಎಂದೆ.

"ಹುಡುಗನ ವಿಷಯ ಕಾಫಿ ಕೊಡುವಾಗ್ಲೇ ಗೊತ್ತಾಯ್ತಪ್ಪ. ನಿನ್ನ ಥರಾನೇ ತುಟಿ ನೋಡ್ತಾ ಬಲಗಿವಿ ಮುಂದೆ ಮಾಡ್ತಿದ್ರು. ಬಲಗಡೆ ಬಂದು ಬಿಡಿಸಿ ಮಾತಾಡಿದೆ. ಅವರ ಮುಖ ನೋಡ್ಬೇಕಿತ್ತು ನೀನು! ನನಗೆ ಒಪ್ಪಿಗೆ. ನಿನ್ನ ವಿಷಯಾನೂ ನಾನೇ ಅವರಿಗೆ ಹೇಳ್ತೀನಿ."

ಹೇಳಿಯೂ ಹೇಳಿದಳು; ಅವರು ನಕ್ಕುಬಿಟ್ಟರಂತೆ. ಮದುವೆಯಾಯಿತು. ವಾಲಗದವರ ಕೆನ್ನೆ ಉಬ್ಬುವುದನ್ನು ನೋಡಿದೆ. ಈಗ ಮನೆಯಲ್ಲಿ ನನ್ನ ತೋಳು ಮುಟ್ಟುವವರಿಲ್ಲ. ಹೆಂಡತಿ ಅಡುಗೆಮನೆಯಿಂದಲೇ ಕೂಗಿ ಕೂಗಿ ಸೋತು ಸುಮ್ಮನಾಗುತ್ತಾಳೆ. ಗಿರಿಜೆ ಸುಖವಾಗಿದ್ದಾಳೆ, ಅದರಲ್ಲಿ ದೂರಿಲ್ಲ. ಆದರೆ ಒಂದು ಕಿವಿ ಇಲ್ಲವೆಂದು ಬಂದ ಗಂಡಿಗೆ, ನನಗಿದ್ದ ಎರಡನ್ನೂ ಧಾರೆಯೆರೆದು ಕೊಟ್ಟುಬಿಟ್ಟೆನಲ್ಲ!