ಶೋಕೇಸಿನ ಅಜ್ಜ

ಎಲ್ಲಕ್ಕೂ ಮೂಲ ಆ ಖಾಲಿ ಶೋಕೇಸು. ವಿಮಾ ಕಚೇರಿಯ ಕಾರಕೂನ ಬಿಂದುಮಾಧವ ನಿಗಡಿ ಊರಿನ ತನ್ನ ಮನೆಯಲ್ಲಿ ಅದನ್ನು ಮಾಡಿಸಿ ವರ್ಷವಾದರೂ ಒಳಗೆ ಪ್ಲಾಸ್ಟಿಕ್ ಹೂವು ಬಿಟ್ಟರೆ ಏನೂ ಇರಲಿಲ್ಲ. ಆ ಭಾನುವಾರ ಮಗಳು ಮಾಧುರಿಯನ್ನು ನೋಡಲು ಹುಡುಗನ ಕಡೆಯವರು ಬರುವವರಿದ್ದರು.

"ಹುಡುಗನ ಅಜ್ಜ ದೌಂಡ ಊರಾಗ ಪುರಾಣ ಹೇಳತಾರಂತ. ನಾಕ ಹಳೇ ಪುಸ್ತಕರ ಇಡ್ರಿ ಮಾರಾಯ್ರ!" ಎಂದು ಪಕ್ಕದ ಮನೆಯ ಸಿದ್ರಾಮಪ್ಪ ಬೆಳಿಗ್ಗೆಯೇ ತಲೆಗೆ ಹುಳ ಬಿಟ್ಟ.

ಬಿಂದುಮಾಧವ ರದ್ದಿ ಅಂಗಡಿಗೆ ಓಡಿದ. ಸಿಕ್ಕಿದ್ದು ಒಂದೇ ವೇದಾಂತದ ಪುಸ್ತಕ. ಮೊದಲ ಪುಟ ಹರಿದಿತ್ತು, ಅಂಚಿನ ತುಂಬ ಯಾರೋ ಕಂದು ಶಾಯಿಯಲ್ಲಿ ಟಿಪ್ಪಣಿ ಬರೆದಿದ್ದರು. ಓದಲು ಪುರುಸೊತ್ತೆಲ್ಲಿ? ಧೂಳು ಒರೆಸಿ ಶೋಕೇಸಿನಲ್ಲಿಟ್ಟ.

ಅಜ್ಜ ಪ್ರಲ್ಹಾದರಾಯರು ಬಂದರು, ಸೊಂಟಕ್ಕೆ ಪೇಜರ್ ಸಿಕ್ಕಿಸಿಕೊಂಡ ಮೊಮ್ಮಗನೂ ಬಂದ. ಹುಡುಗನಿಗೆ ನಿಗಡಿ ಹತ್ತಿರದ ಕಾರ್ಖಾನೆಯಲ್ಲೇ ಕೆಲಸ. ಹೋದ ವಾರವಷ್ಟೇ ಬಾಡಿಗೆ ಮನೆ ಬದಲಿಸಿದ್ದನಂತೆ. ಮಾಧುರಿ ಅವಲಕ್ಕಿ ತಂದಳು. ಹುಡುಗ ನಕ್ಕ, ಅವಳೂ ನಕ್ಕಳು. ಇನ್ನೇನು ಬೇಕಿತ್ತು? ಆದರೆ ಬಿಂದುಮಾಧವ ಬಾಯಿ ಮುಚ್ಚಿಕೊಂಡಿದ್ದರೆ ತಾನೆ!

"ನಮ್ಮದೂ ಓದಿದ ಮನೆತನ್ರಿ. ಇದು ನಮ್ಮಜ್ಜನ ಪುಸ್ತಕ. ಅಂಚಿನ್ಯಾಗ ಬರದದ್ದೂ ಅವರ!"

ಕರೆಯದೇ ಬಂದು ಕೂತಿದ್ದ ಸಿದ್ರಾಮಪ್ಪ ಪುಸ್ತಕ ಕಸಿದು ಗಟ್ಟಿಯಾಗಿ ಓದಿದ: "'ಇದು ತಿಳೀವಲ್ದು. ಊಟಾ ಮಾಡಿ ನೋಡೂಣು.'" ಪುಟ ತಿರುವಿದ. "'ಊಟಾ ಆತು. ಈಗೂ ತಿಳೀವಲ್ದು.'"

ಬಿಂದುಮಾಧವನ ಮುಖ ಇಂಗು ತಿಂದ ಮಂಗನಂತಾಯಿತು. ರಾಯರು ಮಾತ್ರ ನಗಲಿಲ್ಲ. ಪುಸ್ತಕ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು.

"ಇದು ನಮ್ಮಪ್ಪನ ಅಕ್ಷರ ಅದ. ಮಾತೂ ಅವರದ."

ಸಿದ್ರಾಮಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. "ಅಂದ್ರ ಇವರಜ್ಜ, ನಿಮ್ಮಪ್ಪ ಒಬ್ಬರ! ಹುಡುಗಾ ಹುಡುಗಿ ಅಣ್ಣಾ ತಂಗಿ ಆದ್ರಲ್ರೀ! ಲಗ್ನ ಹೆಂಗ ಆಗತದ?"

ಮಾಧುರಿಯ ಮುಖ ಬಾಡಿತು. ತನ್ನ ಮರ್ಯಾದೆ ಹೋದರೆ ಹೋಗಲಿ, ಮಗಳ ಸಂಬಂಧ ಉಳಿಯಲಿ ಎಂದು ಬಿಂದುಮಾಧವ ಕೈಮುಗಿದ. "ಸುಳ್ಳ ಹೇಳೀನ್ರಿ. ಇವತ್ತ ಮುಂಜಾನೆ ಇಲ್ಲೇ ಚೌಕದ ರದ್ದಿ ಅಂಗಡ್ಯಾಗ ತಂದೀನಿ."

"ರದ್ದಿ ಅಂಗಡ್ಯಾಗ?" ರಾಯರು ಮೊಮ್ಮಗನತ್ತ ತಿರುಗಿದರು. "ಅಪ್ಪನ ಪುಸ್ತಕದ ಟ್ರಂಕು ನಿನ್ನ ಮನ್ಯಾಗಿತ್ತಲ್ಲೋ?"

ಹುಡುಗ ತಲೆ ತಗ್ಗಿಸಿ ಪೇಜರ್ ಒತ್ತತೊಡಗಿದ. "ಹೊಸಾ ಮನ್ಯಾಗ ಜಾಗಾ ಇರಲಿಲ್ಲಜ್ಜಾ..."

ರಾಯರು ಎದ್ದರು. "ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ನೀವು ಪಾಪ ಒಬ್ಬ ಅಜ್ಜನ್ನ ಕೊಂಡು ತಂದ್ರಿ. ಇವ ಮುತ್ತಜ್ಜನ್ನ ತೂಕಕ್ಕ ಹಾಕ್ಯಾನ. ಇಂಥಾವಗ ಬಂಗಾರದಂಥ ಮಗಳನ್ನ ಕೊಡಬ್ಯಾಡ್ರಿ, ನನಗ ನಾಚಿಕಿ ಆಗತದ." ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಮೊಮ್ಮಗನನ್ನು ಎಳೆದುಕೊಂಡು ಹೊರಟೇಬಿಟ್ಟರು.

ಮಾಧುರಿ ಒಳಗೆ ಹೋಗಿ ಕದ ಹಾಕಿಕೊಂಡಳು. ಶೋಕೇಸು ಮತ್ತೆ ಖಾಲಿ.

"ಇನ್ನ ಆಕಿಗೆ ಹೆಂಗ ಮುಖಾ ತೋರಸ್ಲಿ ಸಿದ್ರಾಮಪ್ಪ?"

ಸಿದ್ರಾಮಪ್ಪ ಹುಡುಗ ಬಿಟ್ಟುಹೋದ ಅವಲಕ್ಕಿ ತಟ್ಟೆಯನ್ನು ಹತ್ತಿರ ಎಳೆದುಕೊಂಡ.

"ತಿಳೀವಲ್ದು. ತಿಂದು ನೋಡೂಣು."